ತಟ್ಟೆ ತೋಟ ಸೊರಗಿದಾಗ: ಡಿಶ್ ಗಾರ್ಡನ್ ದೋಷ ನಿವಾರಣೆ ಕೈಪಿಡಿ

ಅಗಲವಾದ, ಆಳವಿಲ್ಲದ ಪಾತ್ರೆಯೊಂದರಲ್ಲಿ ನಾಲ್ಕಾರು ಪುಟ್ಟ ಗಿಡ, ಒಂದೆರಡು ಕಲ್ಲು, ನಡುವೆ ಜಲ್ಲಿ ಹಾಕಿದ ಸಣ್ಣ ದಾರಿ. ಮಾಡಿದ ದಿನ ಫೋಟೋದಲ್ಲಿ ಚೆಂದ ಕಾಣುವ ಈ ತೋಟ ಒಂದೆರಡು ತಿಂಗಳಲ್ಲಿ ಸೊರಗಿದರೆ ಜನ ಮೊದಲು ಗಿಡವನ್ನು ದೂರುತ್ತಾರೆ, ಆಮೇಲೆ ನರ್ಸರಿಯವರನ್ನು, ಕೊನೆಗೆ ತಮ್ಮ ಕೈಗುಣವನ್ನು. ನಾನು ನೋಡಿದ ಮಟ್ಟಿಗೆ ದೋಷ ಹೆಚ್ಚಾಗಿ ಇರುವುದು ತಟ್ಟೆಯಲ್ಲೇ. ಆಳವಿಲ್ಲದ ಪಾತ್ರೆಯಲ್ಲಿ ನೀರು ಹೇಗೆ ನಿಲ್ಲುತ್ತದೆ ಅನ್ನುವುದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಹಾಗಾಗಿ ಎಲೆ ನೋಡುವ ಮೊದಲು ಮಣ್ಣು ನೋಡೋಣ.

ಮೊದಲು ಕಡ್ಡಿ ಪರೀಕ್ಷೆ

ಗಿಡ ಬಾಡಿದ್ದು ಕಂಡ ಕೂಡಲೇ ಚೊಂಬು ಎತ್ತಬೇಡಿ. ಕಬಾಬಿಗೆ ಚುಚ್ಚುವ ಬಿದಿರಿನ ಕಡ್ಡಿಯೊಂದನ್ನು ಗಿಡದ ಬುಡದ ಪಕ್ಕದಲ್ಲಿ ತಳ ಮುಟ್ಟುವವರೆಗೆ ಇಳಿಸಿ, ಹತ್ತು ನಿಮಿಷ ಬಿಟ್ಟು ಎಳೆಯಿರಿ. ಮೇಲ್ಭಾಗ ಒಣಗಿ ಬೆಳ್ಳಗಿದ್ದು, ತುದಿಯ ಎರಡು ಬೆರಳಷ್ಟು ಭಾಗ ಮಾತ್ರ ಕಪ್ಪಾಗಿ ಮಣ್ಣು ಅಂಟಿಕೊಂಡು ಬಂದರೆ ಒಳಗೆ ಏನಾಗುತ್ತಿದೆ ಎಂಬುದು ಅದರಲ್ಲೇ ಬರೆದಿದೆ: ನಿಮಗೆ ಕಾಣುವ ಮಣ್ಣು ಒಣ, ಬೇರಿಗೆ ಸಿಗುವ ಮಣ್ಣು ಕೆಸರು. ಕಡ್ಡಿಯ ತುದಿಯನ್ನು ಮೂಸಿಯೂ ನೋಡಿ. ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಸರಿ. ಚರಂಡಿ ವಾಸನೆ, ಕೊಳೆತ ಮೊಟ್ಟೆ ವಾಸನೆ ಬಂದರೆ ತಳದಲ್ಲಿ ಗಾಳಿ ಆಡುತ್ತಿಲ್ಲ, ಬೇರು ಕೊಳೆಯಲು ಶುರುವಾಗಿದೆ.

ಇನ್ನು ಎಲೆ. ಜೇಡ್, ಎಚೆವೇರಿಯಾ, ಹಾವರ್ಥಿಯಾದಂಥ ಸಕ್ಯುಲೆಂಟ್‌ಗಳ (ದಪ್ಪ ಎಲೆಯಲ್ಲಿ ನೀರು ಕೂಡಿಡುವ ಗಿಡಗಳ) ಎಲೆ ಸುಕ್ಕಾಗಿ ಮೆತ್ತಗಾಗುವುದು ಎರಡು ತದ್ವಿರುದ್ಧ ಕಾರಣಕ್ಕೆ, ನೋಡುವುದಕ್ಕೆ ಮಾತ್ರ ಎರಡೂ ಒಂದೇ. ಮಣ್ಣು ತಳದವರೆಗೆ ಒಣಗಿದ್ದು ಎಲೆ ಸುಕ್ಕಾಗಿದ್ದರೆ ಅದು ಬಾಯಾರಿಕೆ. ನೀರು ಕೊಟ್ಟರೆ ಎರಡು ಮೂರು ದಿನದಲ್ಲಿ ಎಲೆ ತುಂಬಿಕೊಳ್ಳುತ್ತದೆ. ಮಣ್ಣು ಒದ್ದೆಯಿದ್ದೂ ಎಲೆ ಸುಕ್ಕಾಗಿದ್ದರೆ ನೀರೆಳೆಯುವ ಬೇರೇ ಉಳಿದಿಲ್ಲ ಎಂದರ್ಥ. ಆಗ ಇನ್ನಷ್ಟು ನೀರು ಹೊಯ್ದರೆ ಗಿಡದ ಕಥೆ ಅಲ್ಲಿಗೆ ಮುಗಿಯಿತು. ಫಿಟೋನಿಯಾ ಈ ವಿಷಯದಲ್ಲಿ ಪ್ರಾಮಾಣಿಕ ಗಿಡ. ನೀರಿಲ್ಲದಿದ್ದರೆ ಪೂರ್ತಿ ಮಲಗಿಬಿಡುತ್ತದೆ, ಕೊಟ್ಟ ಕೆಲವೇ ಗಂಟೆಗಳಲ್ಲಿ ಏಳುತ್ತದೆ. ಮರುದಿನವೂ ಏಳದಿದ್ದರೆ ಬೇರು ನೋಡಿ.

ಎಲ್ಲ ಎಲೆ ಉದುರುವಿಕೆಯೂ ರೋಗವಲ್ಲ. ಬುಡದ ಹಳೆಯ ಎಲೆಗಳು ತೆಳ್ಳಗೆ, ಗರಿಗರಿಯಾಗಿ ಒಣಗಿ ಬಿದ್ದರೆ ಅದು ವಯಸ್ಸು. ಹಳದಿ ತಿರುಗಿ, ಬೆಳಕು ಹಾಯುವಷ್ಟು ನೀರು ತುಂಬಿಕೊಂಡು, ಬೆರಳು ತಾಗಿದರೆ ಕಳಚಿ ಬೀಳುವುದು ಅತಿನೀರಿನ ಗುರುತು.

ತಟ್ಟೆಯ ತಳದಲ್ಲಿ ನಿಂತ ನೀರು

ಪಾತ್ರೆ ತೊಳೆಯುವ ಹೊಸ ಸ್ಪಂಜೊಂದನ್ನು ನೀರಲ್ಲಿ ಅದ್ದಿ, ಅಡ್ಡಲಾಗಿ ಅಂಗೈ ಮೇಲೆ ಹಿಡಿಯಿರಿ. ಹನಿ ಬೀಳುವುದು ನಿಲ್ಲುವವರೆಗೆ ಕಾಯಿರಿ. ಈಗ ಅದನ್ನೇ ಹಿಂಡದೆ ನೆಟ್ಟಗೆ ನಿಲ್ಲಿಸಿ: ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಅದೇ, ಒಳಗಿನ ರಂಧ್ರಗಳೂ ಅವೇ. ಬದಲಾದದ್ದು ಎತ್ತರ ಒಂದೇ. ಮಣ್ಣಿನಲ್ಲೂ ಹೀಗೆಯೇ. ಪ್ರತಿಯೊಂದು ಮಿಶ್ರಣವೂ ತನ್ನ ಕಣಗಳ ಗಾತ್ರಕ್ಕೆ ತಕ್ಕಂತೆ ತಳದಲ್ಲಿ ಒಂದಿಷ್ಟು ಎತ್ತರದ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ತಳದಲ್ಲಿ ತೂತಿದ್ದರೂ ಬಿಡುವುದಿಲ್ಲ. ನುಣುಪು ಮಿಶ್ರಣದಲ್ಲಿ ಈ ಒದ್ದೆ ಪದರ ಮೂರ್ನಾಲ್ಕು ಸೆಂ.ಮೀ. ಇರಬಹುದು. ಒಂದಡಿ ಆಳದ ಕುಂಡದಲ್ಲಿ ಅದು ಲೆಕ್ಕಕ್ಕಿಲ್ಲ, ಬೇರಿಗೆ ಮೇಲೆ ಬೇಕಾದಷ್ಟು ಜಾಗವಿದೆ. ಆರು ಸೆಂ.ಮೀ. ಆಳದ ತಟ್ಟೆಯಲ್ಲಾದರೆ ಗಿಡ ನಿಂತಿರುವುದೇ ಆ ಪದರದಲ್ಲಿ.

ಇದರ ಮೇಲೆ ವಿಡಿಯೊಗಳಲ್ಲಿ ಹೇಳಿಕೊಡುವ ಒಂದು ಪದ್ಧತಿ ಸೇರುತ್ತದೆ: ತಳಕ್ಕೆ ಒಂದಿಂಚು ಜಲ್ಲಿ, ಅದರ ಮೇಲೆ ಇದ್ದಿಲು, ಆಮೇಲೆ ಮಣ್ಣು. ಹೆಚ್ಚಾದ ನೀರು ಜಲ್ಲಿಗೆ ಇಳಿಯುತ್ತದೆ ಎಂಬ ನಂಬಿಕೆ. ಇಳಿಯುವುದಿಲ್ಲ. ನುಣುಪು ಮಣ್ಣಿನ ಸಣ್ಣ ರಂಧ್ರಗಳು ನೀರನ್ನು ಬಿಗಿಯಾಗಿ ಹಿಡಿದಿರುತ್ತವೆ; ಕೆಳಗೆ ದೊಡ್ಡ ಸಂದುಗಳಿರುವ ಜಲ್ಲಿ ಇದ್ದರೆ ಮಣ್ಣು ಪೂರ್ತಿ ನೆನೆದು ತುಂಬುವವರೆಗೂ ನೀರು ಅಲ್ಲಿಗೆ ದಾಟುವುದಿಲ್ಲ. ಹಾಗಾಗಿ ಒದ್ದೆ ಪದರ ಜಲ್ಲಿಯ ಮೇಲೆ ಏರಿ ಕೂರುತ್ತದೆ. ಮೊದಲೇ ಆಳವಿಲ್ಲದ ತಟ್ಟೆಯಲ್ಲಿ ಒಂದಿಂಚನ್ನು ಜಲ್ಲಿಗೆ ಕೊಟ್ಟು, ಉಳಿದ ಒಂದೂವರೆ ಇಂಚನ್ನು ಕೆಸರು ಮಾಡಿದಂತಾಯಿತು. ನನ್ನ ಮಟ್ಟಿಗೆ ಡಿಶ್ ಗಾರ್ಡನ್‌ಗೆ ಇದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ. ಜಲ್ಲಿ ಮೇಲೆ ಅಲಂಕಾರಕ್ಕೆ ಇರಲಿ.

ಪರಿಹಾರ ಮೂರು ಕಡೆಯಿಂದ. ಒಂದು, ತಳದಲ್ಲಿ ತೂತು. ಪಿಂಗಾಣಿ ತಟ್ಟೆಗೆ ಟೈಲ್ಸ್ ಕೊರೆಯುವ ಡೈಮಂಡ್ ಬಿಟ್ ಹಾಕಿ, ಡ್ರಿಲ್ಲಿನ ಹ್ಯಾಮರ್ ಮೋಡ್ ಬಂದ್ ಮಾಡಿ, ನಿಧಾನ ವೇಗದಲ್ಲಿ, ಕೊರೆಯುವ ಜಾಗಕ್ಕೆ ಹನಿಹನಿ ನೀರು ಬಿಡುತ್ತ ಕೊರೆಯಬೇಕು. ಬಿಟ್ ಜಾರದಂತೆ ಮೊದಲು ಮಾಸ್ಕಿಂಗ್ ಟೇಪ್ ಅಂಟಿಸಿಕೊಳ್ಳಿ. ಗೋಡೆ ಕೊರೆಯುವ ಬಿಟ್ಟಿನಲ್ಲಿ ಹೊರಟರೆ ತಟ್ಟೆ ಸೀಳುವುದೇ ಹೆಚ್ಚು. ಏಳೆಂಟು ಮಿ.ಮೀ. ಅಗಲದ ಮೂರು ತೂತು ಸಾಕು. ಮೇಲೆ ಸೊಳ್ಳೆ ಪರದೆಯ ಚೂರು ಹಾಕಿದರೆ ಮಣ್ಣು ಸೋರುವುದಿಲ್ಲ. ಎರಡು, ಮಿಶ್ರಣ ಒರಟಾಗಬೇಕು. ಸಕ್ಯುಲೆಂಟ್‌ಗಳಿಗೆ ಕಡಲೆಕಾಳಿನ ಗಾತ್ರಕ್ಕಿಂತ ಚಿಕ್ಕದಾದ ಇಟ್ಟಿಗೆ ಚೂರು, ಪ್ಯೂಮಿಸ್ (ರಂಧ್ರಗಳಿರುವ ಹಗುರ ಕಲ್ಲು) ಅಥವಾ ದಪ್ಪ ಮರಳು ಎರಡು ಪಾಲು, ಎರೆಗೊಬ್ಬರ ಮತ್ತು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸೇರಿ ಒಂದು ಪಾಲು. ಎಂ-ಸ್ಯಾಂಡ್ ಬಳಸುವುದಾದರೆ ಜರಡಿ ಹಿಡಿದು ಪುಡಿ ತೆಗೆದು, ತೊಳೆದು ಬಳಸಿ. ಆ ಬೂದು ಪುಡಿ ಉಳಿದರೆ ಸಂದುಗಳೆಲ್ಲ ಮುಚ್ಚಿ, ಒಣಗಿದಾಗ ಗಾರೆಯಾಗುತ್ತದೆ. ಮೂರನೆಯದು ತಕ್ಷಣಕ್ಕೆ ಒದಗುವ ಉಪಾಯ: ನೀರು ಕೊಟ್ಟ ಮೇಲೆ ತೂತಿರುವ ತಟ್ಟೆಯನ್ನು ಒಂದು ಅಂಚಿನ ಮೇಲೆ ಓರೆಯಾಗಿ ಎತ್ತಿ ಹತ್ತು ನಿಮಿಷ ನಿಲ್ಲಿಸಿ. ಸ್ಪಂಜಿನ ಲೆಕ್ಕವೇ ಇಲ್ಲೂ. ಎಷ್ಟು ನೀರು ಹರಿಯುತ್ತದೆಂದು ನೋಡಿದರೆ ನಿಮಗೇ ಆಶ್ಚರ್ಯವಾಗುತ್ತದೆ.

ಅಜ್ಜಿಯ ಕಾಲದ ಹಿತ್ತಾಳೆ ಉರುಳಿಗೆ ತೂತು ಹೊಡೆಯಲು ಯಾರಿಗೂ ಮನಸ್ಸು ಬಾರದು, ಹೊಡೆಯಲೂ ಬೇಡಿ. ಅದರಲ್ಲಿ ಮಣ್ಣು ತುಂಬುವ ಬದಲು ಗಿಡಗಳನ್ನು ಅವವುಗಳ ಪುಟ್ಟ ಪ್ಲಾಸ್ಟಿಕ್ ಪಾಟ್‌ನಲ್ಲೇ ಇಟ್ಟು, ಸಂದಿಗೆ ಜಲ್ಲಿ ತುಂಬಿ. ನೀರು ಕೊಡುವಾಗ ಎತ್ತಿ ಹೊರಗೆ ತೆಗೆದರಾಯಿತು. ತಾಮ್ರದ ಪಾತ್ರೆಗೂ ಇದೇ ದಾರಿ; ತಾಮ್ರ ಸೋಕಿದ ಬೇರಿನ ತುದಿ ಬೆಳೆಯುವುದು ನಿಲ್ಲುತ್ತದೆ.

ಕೊಳೆತದ್ದನ್ನು ಉಳಿಸುವುದು

ಕಡ್ಡಿ ಒದ್ದೆ, ಎಲೆ ಸುಕ್ಕು ಎಂದಾದರೆ ಗಿಡವನ್ನು ಕಿತ್ತು ನೋಡಲೇಬೇಕು. ಬೇರನ್ನು ನೀರಲ್ಲಿ ಅಲ್ಲಾಡಿಸಿ ಮಣ್ಣು ಬಿಡಿಸಿ. ಬದುಕಿರುವ ಬೇರು ಬಿಳಿ ಅಥವಾ ತಿಳಿ ಕಂದು, ಎಳೆದರೆ ಗಟ್ಟಿ. ಕೊಳೆತ ಬೇರನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಲೋಳೆಯಾಗಿ ಕಳಚಿ, ಒಳಗಿನ ದಾರದಂಥ ಎಳೆ ಮಾತ್ರ ಗಿಡದಲ್ಲಿ ಉಳಿಯುತ್ತದೆ. ಕೊಳೆತದ್ದನ್ನೆಲ್ಲ ಕತ್ತರಿಸಿ. ಕೊಳೆ ಕಾಂಡಕ್ಕೆ ಹತ್ತಿದ್ದರೆ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಒರೆಸಿದ ಬ್ಲೇಡಿನಿಂದ ಚೂರು ಚೂರೇ ಮೇಲಕ್ಕೆ ಕತ್ತರಿಸುತ್ತ ಹೋಗಿ. ಕತ್ತರಿಸಿದ ಮುಖದಲ್ಲಿ ಕಂದು ಚುಕ್ಕೆ ಅಥವಾ ಉಂಗುರ ಇನ್ನೂ ಕಾಣುತ್ತಿದ್ದರೆ ನಿಲ್ಲಿಸಬೇಡಿ. ಪೂರ್ತಿ ಹಸಿರು-ಬಿಳಿ ಬಂದಾಗ ನಿಲ್ಲಿಸಿ. ಒಂದು ಚುಕ್ಕೆ ಬಿಟ್ಟರೂ ಅದು ವಾರದಲ್ಲಿ ಮತ್ತೆ ಏರುತ್ತದೆ.

ಸಕ್ಯುಲೆಂಟ್ ತುಂಡನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ, ನಾಲ್ಕೈದು ದಿನ ಹಾಗೇ ಬಿಟ್ಟು ಗಾಯ ಒಣಗಿಸಿ. ಮಳೆಗಾಲದಲ್ಲಿ ವಾರ ಹಿಡಿದರೂ ಅವಸರ ಬೇಡ. ಆಮೇಲೆ ಒಣ ಮಿಶ್ರಣದಲ್ಲಿ ನೆಟ್ಟು, ಇನ್ನೂ ನಾಲ್ಕು ದಿನ ಬಿಟ್ಟು ಮೊದಲ ನೀರು. ಫಿಟೋನಿಯಾ, ಸಿಂಗೋನಿಯಂ, ಪೆಪೆರೋಮಿಯಾ ಈ ಒಣಗಿಸುವ ಶಿಕ್ಷೆ ತಡೆಯುವುದಿಲ್ಲ. ಅವುಗಳ ಕುಡಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ ಸಣ್ಣ ಗಾಜಿನ ಲೋಟದ ನೀರಿನಲ್ಲಿಟ್ಟರೆ ಬೇರು ಬಿಡುತ್ತವೆ.

ನೀರು ಕೊಟ್ಟರೂ ಒಣ

ಇದು ಬೇಸಿಗೆಯ ದೂರು. ಕೋಕೋಪೀಟ್ ಹೆಚ್ಚಿರುವ ಮಿಶ್ರಣ ಒಮ್ಮೆ ಪೂರ್ತಿ ಒಣಗಿದರೆ ಕುಗ್ಗಿ ತಟ್ಟೆಯ ಅಂಚಿನಿಂದ ಬಿಡಿಸಿಕೊಳ್ಳುತ್ತದೆ. ಆಮೇಲೆ ಹೊಯ್ದ ನೀರೆಲ್ಲ ಆ ಸಂದಿಯಲ್ಲೇ ಜಾರಿ ಹೊರಗೆ ಬರುತ್ತದೆ. ನೋಡುವವರಿಗೆ ನೀರು ಚೆನ್ನಾಗಿ ಇಳಿಯಿತು ಎನಿಸುತ್ತದೆ. ತಟ್ಟೆಯನ್ನು ಎತ್ತಿ ನೋಡಿ, ನೀರು ಕೊಟ್ಟ ಮೇಲೂ ಭಾರವೇ ಇರುವುದಿಲ್ಲ. ಅಗಲವಾದ ಟಬ್ಬಿನಲ್ಲಿ ಒಂದೆರಡು ಇಂಚು ನೀರು ತುಂಬಿ ತಟ್ಟೆಯನ್ನು ಅರ್ಧ ಗಂಟೆ ಕೂರಿಸಿದರೆ ತೂತಿನಿಂದ ಮೇಲಕ್ಕೆ ನೆನೆಯುತ್ತದೆ.

ತಟ್ಟೆಯೆಲ್ಲ ಒದ್ದೆ, ಒಂದು ಗಿಡದ ಬುಡ ಮಾತ್ರ ಒಣಗಿದ್ದರೆ ಅದನ್ನು ಕಿತ್ತು ಬೇರಿನ ಉಂಡೆ ನೋಡಿ. ದೊಡ್ಡ ನರ್ಸರಿಗಳಿಂದ ಬರುವ ಎಷ್ಟೋ ಗಿಡಗಳ ಬೇರಿನ ಸುತ್ತ ತೆಳುವಾದ ಬಿಳಿ ಬಲೆಯೋ ಪೇಪರಿನಂಥ ಬಟ್ಟೆಯೋ ಇರುತ್ತದೆ, ಸಸಿ ಬೆಳೆಸುವಾಗ ಕಟ್ಟಿದ್ದು. ಅದನ್ನು ಬಿಡಿಸದೆ ನೆಟ್ಟರೆ ಒಳಗಿನ ಪೀಟ್ ಬೇರೆ, ಹೊರಗಿನ ಮಣ್ಣು ಬೇರೆ ಎಂಬಂತೆ ಉಳಿದುಬಿಡುತ್ತವೆ. ಸಣ್ಣ ಕತ್ತರಿಯಿಂದ ಬಲೆ ಸೀಳಿ ತೆಗೆಯಿರಿ.

ರೆಡಿಮೇಡ್ ತಟ್ಟೆ ತೋಟಗಳಲ್ಲಿ ಮತ್ತೊಂದು ಕಾಟ: ಸಾಗಿಸುವಾಗ ಚೆಲ್ಲದಿರಲಿ ಎಂದು ಮೇಲಿನ ಕಲ್ಲುಗಳನ್ನು ಗೋಂದು ಹಾಕಿ ಅಂಟಿಸಿರುತ್ತಾರೆ. ಬೆರಳಿನಿಂದ ಒಂದು ಕಲ್ಲು ಎತ್ತಿ ನೋಡಿ. ಪಕ್ಕದ ಹತ್ತು ಕಲ್ಲು ಜೊತೆಗೇ ಎದ್ದರೆ ಪೂರ್ತಿ ಹಪ್ಪಳವನ್ನು ಒಡೆದು ತೆಗೆಯಿರಿ.

ಒಂದು ಗಿಡ ಸತ್ತು, ಪಕ್ಕದ್ದು ನಗುತ್ತಿದ್ದರೆ

ಇಲ್ಲಿ ರೋಗ ಹುಡುಕುವ ಅಗತ್ಯವಿಲ್ಲ, ಜೋಡಿಯೇ ತಪ್ಪು. ವಾರಕ್ಕೆರಡು ಸಲ ನೀರು ಬೇಡುವ ಫಿಟೋನಿಯಾ, ಹದಿನೈದು ದಿನ ನೀರಿಲ್ಲದೆ ಆರಾಮಾಗಿರುವ ಜೇಡ್ ಒಂದೇ ತಟ್ಟೆಯಲ್ಲಿದ್ದರೆ ನೀವು ಯಾರ ಮಾತು ಕೇಳಿದರೂ ಇನ್ನೊಬ್ಬರು ಸಾಯುತ್ತಾರೆ. ಬಣ್ಣ ಹೊಂದುತ್ತದೆ ಎಂದು ಲೋಳೆಸರದ ಪಕ್ಕ ಫರ್ನ್ ನೆಡುವವರಿದ್ದಾರೆ. ಒಂದನ್ನು ಕಿತ್ತು ಬೇರೆ ತಟ್ಟೆ ಮಾಡಿ. ಪಾಚಿಯ ಹಾಸು ಬೆಂಗಳೂರು, ಮೈಸೂರಿನ ಬೇಸಿಗೆಯ ಗಾಳಿಗೆ ಮನೆಯೊಳಗೆ ಕಂದಾಗುವುದೂ ಇಂಥದೇ ಹೊಂದಾಣಿಕೆಯ ದೋಷ. ಅದಕ್ಕಾಗಿ ಮಲೆನಾಡಿನ ಕಾಡಿನಿಂದ ಮತ್ತೆ ಮತ್ತೆ ಪಾಚಿ ಕಿತ್ತು ತರುವುದಂತೂ ಬೇಡವೇ ಬೇಡ.

ಕತ್ತು ಉದ್ದವಾದ ಗಿಡ

ಹೂವಿನಂತೆ ಬಿಗಿಯಾಗಿದ್ದ ಎಚೆವೇರಿಯಾ ಎಲೆ ಎಲೆಯ ನಡುವೆ ಅಂತರ ಬಿಟ್ಟು ಮೇಲಕ್ಕೆ ಎಳೆದುಕೊಂಡರೆ ಬೆಳಕು ಸಾಲದು. ಇದರಲ್ಲಿ ಅನುಮಾನ ಪಡುವ ಹಾಗಿಲ್ಲ, ಆದರೆ "ಜಾಗ ಬದಲಿಸಿಯೇ ಇಲ್ಲ, ಡಿಸೆಂಬರಿನಲ್ಲಿ ಚೆನ್ನಾಗಿತ್ತು" ಎನ್ನುವವರಿಗೆ ಉತ್ತರ ಆಕಾಶದಲ್ಲಿದೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24-25ರ ಸುಮಾರಿಗೆ ಇಲ್ಲಿ ಶೂನ್ಯ ನೆರಳಿನ ದಿನ, ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣದ ಕಿಟಕಿಯೊಳಗೆ ಓರೆಯಾಗಿ ಬಂದು ತಟ್ಟೆಯ ಮೇಲೆ ಬೀಳುತ್ತಿದ್ದ ಬಿಸಿಲು ಜೂನ್ ಹೊತ್ತಿಗೆ ಆ ಕಿಟಕಿಯನ್ನೇ ಬಿಟ್ಟಿರುತ್ತದೆ. ಮೇಲೆ ಸಜ್ಜೆ ಬೇರೆ, ಮುಂಗಾರಿನ ಮೋಡ ಬೇರೆ. ಬೀದರಿನವರಿಗೆ ಈ ತಿರುವು ಮೇ ನಡುವಿನಲ್ಲಿ ಬರುತ್ತದೆ, ಅಷ್ಟೇ ವ್ಯತ್ಯಾಸ. ಆ ನಾಲ್ಕು ತಿಂಗಳು ತಟ್ಟೆ ಪೂರ್ವದ ಕಿಟಕಿಗೆ ಹೋಗಲಿ. ಲಾಲ್‌ಬಾಗಿನ ಆಗಸ್ಟ್ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ಕೈತುಂಬ ಸಕ್ಯುಲೆಂಟ್ ತಂದವರಿಗೆ ಮೊದಲ ತಿಂಗಳೇ ಕಷ್ಟವಾಗುವುದೂ ಇದರಿಂದ: ಬಿಸಿಲು ಕಡಿಮೆ, ಗಾಳಿಯಲ್ಲಿ ತೇವ ಹೆಚ್ಚು, ಮಣ್ಣು ಒಣಗುವುದೇ ಇಲ್ಲ.

ಉದ್ದವಾದ ಕಾಂಡ ಮತ್ತೆ ಗಿಡ್ಡವಾಗುವುದಿಲ್ಲ. ತಲೆಯನ್ನು ಎರಡು ಮೂರು ಸೆಂ.ಮೀ. ಕಾಂಡದೊಂದಿಗೆ ಕತ್ತರಿಸಿ, ಒಣಗಿಸಿ, ಮತ್ತೆ ನೆಡಿ. ಉಳಿದ ಬುಡವನ್ನು ಎಸೆಯಬೇಡಿ, ಅದರ ಪಕ್ಕದಲ್ಲಿ ಮರಿಗಳು ಬರುತ್ತವೆ. ಬೆಳಕು ಕಡಿಮೆಯಾಯಿತೆಂದು ಗಾಬರಿಬಿದ್ದು ಒಂದೇ ದಿನಕ್ಕೆ ಟೆರೇಸಿನ ಬಿಸಿಲಿಗೆ ಇಟ್ಟರೆ ಸೂರ್ಯನ ಕಡೆಯ ಎಲೆಗಳ ಮೇಲೆ ಬಿಳಿಚಿದ, ಆಮೇಲೆ ಕಂದಾಗುವ ಮಚ್ಚೆ ಏಳುತ್ತದೆ. ಆ ಮಚ್ಚೆ ಎಲೆ ಉದುರುವವರೆಗೆ ಇರುತ್ತದೆ. ಬೆಳಗಿನ ಬಿಸಿಲಿನಿಂದ ಶುರುಮಾಡಿ ಹತ್ತು ದಿನದಲ್ಲಿ ಹೆಚ್ಚಿಸಿ.

ಬೆಳ್ಳಗಿರುವುದೆಲ್ಲ ಒಂದೇ ಅಲ್ಲ

"ಬಿಳಿ ಬಿಳಿ ಏನೋ ಬಂದಿದೆ" ಎಂದಾಗ ಎಲ್ಲಿ ಬಂದಿದೆ ಎಂಬುದೇ ಮುಖ್ಯ. ಎಚೆವೇರಿಯಾ ಎಲೆಯ ಮೇಲೆ ಸಮನಾಗಿ ಹರಡಿದ ಬೂದಿಯಂಥ ಲೇಪ ಗಿಡದ್ದೇ ಮೇಣ. ಒರೆಸಬೇಡಿ, ಒರೆಸಿದ ಎಲೆಯಲ್ಲಿ ಅದು ಮತ್ತೆ ಬರುವುದಿಲ್ಲ. ಮಣ್ಣಿನ ಮೇಲೆ ಬಲೆಯಂತೆ ಹಬ್ಬಿದ್ದರೆ ಬೂಷ್ಟು: ಅರೆಬೆಂದ ಗೊಬ್ಬರ, ನಿಂತ ಗಾಳಿ. ಕೆರೆದು ತೆಗೆದು ಮೇಲ್ಮಣ್ಣು ಒಣಗಲು ಬಿಟ್ಟರೆ ಸಾಕು, ಗಿಡಕ್ಕೆ ಅಪಾಯವಿಲ್ಲ.

ಕುಂಡದ ಅಂಚಿಗೆ, ಕಲ್ಲುಗಳ ಬುಡಕ್ಕೆ ಗಟ್ಟಿಯಾಗಿ ಕಟ್ಟಿದ್ದು ಉಪ್ಪು. ಒಂದು ಹನಿ ವಿನೆಗರ್ ಅಥವಾ ನಿಂಬೆರಸ ಬಿಡಿ. ನೊರೆಗುಟ್ಟಿದರೆ ಬೋರ್‌ವೆಲ್ ನೀರಿನ ಸುಣ್ಣ. (ಅಲಂಕಾರಕ್ಕೆ ಹಾಕಿದ ಬಿಳಿ ಅಮೃತಶಿಲೆಯ ಚೂರೂ ನೊರೆಗುಟ್ಟುತ್ತದೆ, ಅದನ್ನು ಬಿಟ್ಟು ಪರೀಕ್ಷೆ ಮಾಡಿ.) ನೊರೆ ಬರದಿದ್ದರೆ ರಾಸಾಯನಿಕ ಗೊಬ್ಬರ ಹೆಚ್ಚಾದದ್ದಿರಬಹುದು. ಎರಡಕ್ಕೂ ಮದ್ದು ಒಂದೇ, ಮಳೆನೀರು ಹಿಡಿದಿಟ್ಟು ತೂತಿನಿಂದ ಧಾರಾಳವಾಗಿ ಹರಿಯುವಂತೆ ಎರಡು ಮೂರು ಸಲ ಹೊಯ್ಯುವುದು. ಎಸಿಯಿಂದ ತೊಟ್ಟಿಕ್ಕುವ ನೀರೂ ಆಗುತ್ತದೆ. ಆರ್‌ಓ ಯಂತ್ರ ಹೊರಹಾಕುವ ನೀರು ಬೇಡ. ಯಂತ್ರ ಬೇರ್ಪಡಿಸಿದ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ತೂತಿಲ್ಲದ ತಟ್ಟೆಯಲ್ಲಿ ಉಪ್ಪು ಹೋಗುವ ದಾರಿಯೇ ಇಲ್ಲ, ಮಣ್ಣು ಬದಲಿಸಬೇಕು.

ಎಲೆಯ ಕಂಕುಳಲ್ಲಿ, ಚಿಗುರಿನ ನಡುವೆ ಹತ್ತಿಯ ಚೂರಿನಂತೆ ಅಂಟಿದ್ದರೆ ಅದು ಹಿಟ್ಟು ತಿಗಣೆ. ಇರುವೆಗಳ ಸಾಲು ತಟ್ಟೆ ಏರುತ್ತಿದ್ದರೆ ಹುಡುಕದೆಯೂ ಹೇಳಬಹುದು. ತಿಗಣೆ ಸ್ರವಿಸುವ ಸಿಹಿಗೆ ಇರುವೆ ಬರುತ್ತದೆ, ತಿಗಣೆಯನ್ನು ಕಾಯುತ್ತದೆ. ಕಿವಿಗೆ ಬಳಸುವ ಹತ್ತಿಕಡ್ಡಿಯನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದನ್ನೇ ಮುಟ್ಟಿ. ಬಿಳಿ ಕರಗಿ ಗುಲಾಬಿ-ಕಂದು ದೇಹ ಕಾಣುತ್ತದೆ. ಮೊಟ್ಟೆಗಳು ಉಳಿದೇ ಇರುತ್ತವಾದ್ದರಿಂದ ವಾರಕ್ಕೊಮ್ಮೆ, ಕನಿಷ್ಠ ಮೂರು ವಾರ. ಬೇವಿನೆಣ್ಣೆ ಲೀಟರಿಗೆ ಐದು ಮಿ.ಲೀ., ನಾಲ್ಕು ಹನಿ ಸೋಪಿನ ದ್ರಾವಣದೊಂದಿಗೆ ಸಂಜೆ ಹೊತ್ತು ಸಿಂಪಡಿಸಬಹುದು, ಆದರೆ ಮೇಣವಿರುವ ಎಲೆಗಳಿಗೆ ಬೇಡ. ಮೇಲೆ ಏನೂ ಕಾಣದೆ ಗಿಡ ಸೊರಗುತ್ತಿದ್ದರೆ ಬೇರಿನಲ್ಲಿ ನೋಡಿ, ಅಲ್ಲಿಯೂ ತಿಗಣೆಯ ಒಂದು ಜಾತಿ ಇರುತ್ತದೆ. ನರ್ಸರಿ ಮಣ್ಣಿನಲ್ಲಿ ಬೆರೆಸಿರುವ ಪರ್ಲೈಟ್ ಎಂಬ ಹಗುರ ಬಿಳಿ ಕಾಳನ್ನು ತಿಗಣೆ ಎಂದುಕೊಂಡು ಹೌಹಾರುವವರೂ ಉಂಟು: ಉಗುರಿನಿಂದ ಒತ್ತಿದರೆ ಪರ್ಲೈಟ್ ಗರಗರ ಪುಡಿಯಾಗುತ್ತದೆ, ತಿಗಣೆ ಹಿಸುಕಿಹೋಗುತ್ತದೆ.

ತಟ್ಟೆಯ ಸುತ್ತ ಸಣ್ಣ ಕಪ್ಪು ನುಸಿ ಹಾರಾಡಿದರೆ ಮೇಲಿನ ಎರಡು ಸೆಂ.ಮೀ. ಮಣ್ಣು ಸದಾ ಒದ್ದೆ ಎಂದರ್ಥ. ಒಣಗಲು ಬಿಡಿ, ಹಳದಿ ಅಂಟುಕಾರ್ಡ್ ನಿಲ್ಲಿಸಿ, ತಿಂಗಳೊಪ್ಪತ್ತಿನಲ್ಲಿ ಕಡಿಮೆಯಾಗುತ್ತವೆ.

ಹೊಸ ಸಿಮೆಂಟ್ ತೊಟ್ಟಿ

ಮನೆಯಲ್ಲೇ ಎರಕ ಹೊಯ್ದ ಸಿಮೆಂಟ್ ತಟ್ಟೆಯಲ್ಲಿ ನೆಟ್ಟ ಗಿಡದ ಹೊಸ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿದರೆ ಅದು ಸುಣ್ಣದ ಪ್ರಭಾವ. ಗಿಡಕ್ಕೆ ಕಬ್ಬಿಣಾಂಶ ಎಟಕುತ್ತಿಲ್ಲ. ತಟ್ಟೆ ಖಾಲಿ ಮಾಡಿ, ನೀರು ತುಂಬಿಸಿಟ್ಟು, ದಿನಾ ಬದಲಿಸುತ್ತ ಒಂದೆರಡು ವಾರ ಬಿಟ್ಟು ಮತ್ತೆ ನೆಡಿ.

ಗೊಂಬೆ ಪಾರ್ಕಿನ ಮೊಳಕೆ

ನವರಾತ್ರಿಗೆ ಗೊಂಬೆ ಕೂರಿಸುವ ಮನೆಗಳಲ್ಲಿ ರಾಗಿ, ಸಾಸಿವೆ, ಕೊತ್ತಂಬರಿ ಚೆಲ್ಲಿ ಮಾಡುವ ಪಾರ್ಕ್ ಕೂಡ ತಟ್ಟೆ ತೋಟವೇ, ಅದರ ದೂರುಗಳೂ ಪ್ರತಿವರ್ಷ ಅವೇ. ಮೊಳಕೆ ಬುಡದಲ್ಲಿ ಸಣ್ಣಗಾಗಿ ಗುಂಪುಗುಂಪಾಗಿ ಮಲಗಿದರೆ ಬಿತ್ತಿದ್ದು ದಟ್ಟ, ನೀರು ಜಾಸ್ತಿ, ಶಿಲೀಂಧ್ರ ಹಿಡಿದಿದೆ. ಆ ಭಾಗವನ್ನು ಚಮಚದಿಂದ ಕೆತ್ತಿ ತೆಗೆದು ಮರಳು ಉದುರಿಸಿ, ಒಂದು ಗೊಂಬೆ ಕೂರಿಸಿದರೆ ಯಾರಿಗೂ ತಿಳಿಯದು. ಎಲ್ಲವೂ ಹಳದಿಯಾಗಿ ಒಂದೇ ಕಡೆ ವಾಲಿದರೆ ಬೆಳಕಿಲ್ಲ. ಹಗಲು ಕಿಟಕಿಗೆ, ಸಂಜೆ ಆರತಿ ಹೊತ್ತಿಗೆ ಮೆಟ್ಟಿಲಿಗೆ. ಕೊತ್ತಂಬರಿ ಬರಲಿಲ್ಲ ಎಂದು ಬೈಯುವವರು ಅದನ್ನು ರಾಗಿಯ ಜೊತೆಗೇ ಬಿತ್ತಿರುತ್ತಾರೆ. ಅದಕ್ಕೆ ವಾರಕ್ಕಿಂತ ಹೆಚ್ಚು ಬೇಕು, ಮೊದಲೇ ಬೀಜವನ್ನು ಎರಡು ಹೋಳು ಮಾಡಿ ಹಾಕಿ.

ಬಿಚ್ಚಿ ಕಟ್ಟುವ ಹೊತ್ತು

ದೋಷವೊಂದನ್ನೂ ಕಾಣದೆ ತೋಟ ಸುಮ್ಮನೆ ನಿಂತುಹೋಗಿದ್ದರೆ ತಟ್ಟೆಯನ್ನು ತಿರುಗಿಸಿ ತೂತು ನೋಡಿ. ಬೇರು ಹೊರಬಂದಿದ್ದರೆ, ನೀರು ಮೇಲೆಯೇ ನಿಂತು ನಿಧಾನಕ್ಕೆ ಇಳಿಯುತ್ತಿದ್ದರೆ ಜಾಗ ಮುಗಿದಿದೆ. ಒಂದೂವರೆ ಎರಡು ವರ್ಷಕ್ಕೆ ಇದು ಆಗಿಯೇ ಆಗುತ್ತದೆ. ಗೊಬ್ಬರ ಹಾಕಿ ಎಬ್ಬಿಸಲು ಹೋಗಬೇಡಿ, ತಟ್ಟೆಯಲ್ಲಿ ಗಿಡ ನಿಧಾನವಾಗಿ ಬೆಳೆದಷ್ಟೂ ಒಳ್ಳೆಯದು. ಪೂರ್ತಿ ಬಿಚ್ಚಿ, ಬೇರಿನ ಮೂರನೇ ಒಂದು ಭಾಗ ಕತ್ತರಿಸಿ, ಹೊಸ ಮಿಶ್ರಣದಲ್ಲಿ ಕೂರಿಸಿ. ಸಕ್ಯುಲೆಂಟ್‌ಗಳಿಗೆ ಫೆಬ್ರವರಿ-ಮಾರ್ಚ್ ಒಳ್ಳೆಯದು, ಎಲೆಗಿಡಗಳಿಗೆ ಮುಂಗಾರಿನ ಆರಂಭ. ಮೂರು ವಾರವಾದ ಮೇಲೆ ಗಿಡವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆ ಜಗ್ಗಿ. ಹಿಡಿತ ಸಿಕ್ಕರೆ ಎಂದಿನಂತೆ ನೀರು ಶುರುಮಾಡಿ. ಸಲೀಸಾಗಿ ಎದ್ದು ಬಂದರೆ ಕಡ್ಡಿಯಿಂದ ಮತ್ತೆ ಆರಂಭಿಸಿ.